ವಿದ್ಯುತ್ ಜಾಲದ ಕಾವಲು: ಕತ್ತಲೆ ಕಲಿಸಿದ ಪಾಠಗಳ ಒಂದು ಚಾರಿತ್ರಿಕ ನೋಟ

1902ರ ಜೂನ್ ತಿಂಗಳಲ್ಲಿ ಶಿವನಸಮುದ್ರದ ಜಲವಿದ್ಯುತ್ ಕೇಂದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. ಸುಮಾರು 147 ಕಿಲೋಮೀಟರ್ ಉದ್ದದ ಆ ಮಾರ್ಗ ಆ ದಿನಗಳಲ್ಲಿ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳ ಸಾಲಿನಲ್ಲಿತ್ತು. 1905ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿತು. ಅಂದು ವಿದ್ಯುತ್ತಿನ ಕಾವಲು ಎಂದರೆ ಕಂಬದ ಕಾವಲು, ತಂತಿಯ ಕಾವಲು, ನಾಲೆಯ ಕಾವಲು. ಕಳ್ಳ ಬಂದರೆ ಕಣ್ಣಿಗೆ ಕಾಣುತ್ತಿದ್ದ.

ಇಂದು ಪರಿಸ್ಥಿತಿ ಹಾಗಿಲ್ಲ. ಉತ್ಪಾದನಾ ಕೇಂದ್ರ, ಉಪಕೇಂದ್ರ, ಮನೆಯ ಮೀಟರು, ಛಾವಣಿಯ ಸೌರಫಲಕ ಇವೆಲ್ಲವೂ ಕಂಪ್ಯೂಟರಿನ ಆಜ್ಞೆಯನ್ನು ಕೇಳತೊಡಗಿವೆ. ಬಿಸಿಲು ಮತ್ತು ಗಾಳಿಯಿಂದ ಬರುವ ವಿದ್ಯುತ್ ಗಳಿಗೆಗೊಮ್ಮೆ ಏರಿಳಿಯುವುದರಿಂದ, ಬೇಡಿಕೆಯನ್ನೂ ಅದಕ್ಕೆ ತಕ್ಕಂತೆ ಏರಿಳಿಸಬಲ್ಲ ಹೊಂದಾಣಿಕೆಯ ವ್ಯವಸ್ಥೆ ಅನಿವಾರ್ಯವಾಗಿದೆ. ಆದರೆ ದೂರದಿಂದ ಆಜ್ಞೆ ಕೊಡಬಲ್ಲ ಕೈ ನಮ್ಮದೇ ಆಗಿರಬೇಕೆಂಬ ನಿಯಮ ಪ್ರಕೃತಿಯಲ್ಲಿಲ್ಲ. ಅದನ್ನು ನಾವೇ ಕಾನೂನಿನ ಮೂಲಕ ಮಾಡಿಕೊಳ್ಳಬೇಕು. ಜಗತ್ತು ಈ ಕಾನೂನನ್ನು ಹೇಗೆ ಕಲಿಯಿತು, ಭಾರತ ಎಲ್ಲಿಗೆ ತಲುಪಿದೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಅಮೆರಿಕದ ಕತ್ತಲೆ ಮತ್ತು ನಿಯಮದ ಬಲ

1965ರ ನವೆಂಬರ್ 9ರಂದು ಅಮೆರಿಕದ ಈಶಾನ್ಯ ಭಾಗ ಹಾಗೂ ಕೆನಡಾದ ಒಂಟಾರಿಯೋದಲ್ಲಿ ಸುಮಾರು 3 ಕೋಟಿ ಜನರು ಕತ್ತಲೆಯಲ್ಲಿ ಮುಳುಗಿದರು. ಅದರ ಫಲವಾಗಿ 1968ರಲ್ಲಿ ವಿದ್ಯುತ್ ಕಂಪನಿಗಳು ಸೇರಿ ಒಂದು ವಿಶ್ವಾಸಾರ್ಹತಾ ಮಂಡಳಿಯನ್ನು ಕಟ್ಟಿಕೊಂಡವು. ಆದರೆ ಅದರ ನಿಯಮಗಳು ಸ್ವಯಂಪ್ರೇರಿತವಾಗಿದ್ದವು. ಪಾಲಿಸಿದವರಿಗೆ ಬಹುಮಾನವಿಲ್ಲ, ಪಾಲಿಸದವರಿಗೆ ದಂಡವಿಲ್ಲ.

2003ರ ಆಗಸ್ಟ್ 14ರಂದು ಅದೇ ಪ್ರದೇಶದಲ್ಲಿ ಮತ್ತೆ ವಿದ್ಯುತ್ ಹೋಯಿತು. ಈ ಬಾರಿ ಬಾಧಿತರು ಸುಮಾರು 5 ಕೋಟಿ ಜನ. ಓಹಿಯೋ ರಾಜ್ಯದ ಕಂಪನಿಯೊಂದರ ನಿಯಂತ್ರಣ ಕೊಠಡಿಯಲ್ಲಿ ಎಚ್ಚರಿಕೆ ನೀಡುವ ತಂತ್ರಾಂಶ ಸದ್ದಿಲ್ಲದೆ ಕೆಟ್ಟು ನಿಂತಿತ್ತು. ಹೊರಗೆ ಮಾರ್ಗಗಳು ಮರಗಳಿಗೆ ತಗುಲಿ ಒಂದೊಂದಾಗಿ ಕಡಿತಗೊಳ್ಳುತ್ತಿದ್ದರೂ ಒಳಗೆ ಕುಳಿತವರಿಗೆ ಅದು ತಿಳಿಯಲಿಲ್ಲ. ಇದು ಯಾವ ಶತ್ರುವಿನ ಕೆಲಸವೂ ಅಲ್ಲ, ತಂತ್ರಾಂಶದಲ್ಲಿದ್ದ ದೋಷ. ಆದರೆ ಒಂದು ದೋಷ ಇಷ್ಟು ಹಾನಿ ಮಾಡಬಲ್ಲುದಾದರೆ ದುರುದ್ದೇಶ ಇನ್ನೆಷ್ಟು ಮಾಡೀತು ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು. 2005ರ ಇಂಧನ ನೀತಿ ಕಾಯ್ದೆ ಈ ನಿಯಮಗಳನ್ನು ಕಡ್ಡಾಯಗೊಳಿಸಿತು. 2008ರ ಜನವರಿಯಲ್ಲಿ ಸೈಬರ್ ಭದ್ರತೆಯ ಮಾನದಂಡಗಳಿಗೂ ಒಪ್ಪಿಗೆ ದೊರೆಯಿತು. ಉಲ್ಲಂಘನೆಗೆ ದಿನವೊಂದಕ್ಕೆ 10 ಲಕ್ಷ ಡಾಲರ್‌ವರೆಗೆ ದಂಡ ವಿಧಿಸುವ ಅವಕಾಶ ಬಂದಿತು. 1965ರಿಂದ ಲೆಕ್ಕ ಹಾಕಿದರೆ ಸಲಹೆ ಆಜ್ಞೆಯಾಗಲು ನಾಲ್ಕು ದಶಕಗಳು ಹಿಡಿದವು.

ಉಕ್ರೇನ್: ದಾಳಿಯಿಂದ ಆರಿದ ಮೊದಲ ದೀಪ

ಸೈಬರ್ ದಾಳಿಯಿಂದಲೇ ಜನಸಾಮಾನ್ಯರ ವಿದ್ಯುತ್ ಕಡಿತಗೊಂಡ ಮೊದಲ ದೃಢಪಟ್ಟ ಘಟನೆ ನಡೆದದ್ದು ಉಕ್ರೇನಿನಲ್ಲಿ, 2015ರ ಡಿಸೆಂಬರ್ 23ರಂದು. ಮೂರು ವಿತರಣಾ ಕಂಪನಿಗಳ ಮೇಲೆ ಏಕಕಾಲಕ್ಕೆ ದಾಳಿ ನಡೆಯಿತು. ಸುಮಾರು 2 ಲಕ್ಷ 25 ಸಾವಿರ ಗ್ರಾಹಕರು ಚಳಿಗಾಲದಲ್ಲಿ ವಿದ್ಯುತ್ ಇಲ್ಲದೆ ಉಳಿದರು.

ದಾಳಿಕೋರರು ತಿಂಗಳುಗಳ ಹಿಂದೆಯೇ ಸಿಬ್ಬಂದಿಗೆ ಮೋಸದ ಇ-ಮೇಲ್ ಕಳುಹಿಸಿ ಕಚೇರಿಯ ಕಂಪ್ಯೂಟರುಗಳೊಳಗೆ ನುಸುಳಿದ್ದರು. ಅಲ್ಲಿಂದ ಗುಪ್ತಪದಗಳನ್ನು ಕದ್ದು ನಿಯಂತ್ರಣ ವ್ಯವಸ್ಥೆಯನ್ನು ತಲುಪಿದರು. ಆ ದಿನ ಪರದೆಯ ಮೇಲಿನ ಮೌಸ್ ಗುರುತು ತಾನಾಗಿಯೇ ಚಲಿಸಿ ಉಪಕೇಂದ್ರಗಳನ್ನು ಒಂದೊಂದಾಗಿ ಆರಿಸುವುದನ್ನು ಸಿಬ್ಬಂದಿ ಕಣ್ಣಾರೆ ಕಂಡರು. ಗ್ರಾಹಕರು ದೂರು ಹೇಳಲಾಗದಂತೆ ದೂರವಾಣಿ ಕೇಂದ್ರಕ್ಕೂ ಸುಳ್ಳು ಕರೆಗಳ ಸುರಿಮಳೆಯಾಗಿತ್ತು.

ಆದರೂ ಕೆಲವೇ ಗಂಟೆಗಳಲ್ಲಿ ವಿದ್ಯುತ್ ಮರಳಿತು. ಕಾರಣ ಸರಳ. ಸಿಬ್ಬಂದಿ ವಾಹನ ಹತ್ತಿ ಉಪಕೇಂದ್ರಗಳಿಗೆ ಹೋಗಿ ಕೈಯಿಂದಲೇ ಸ್ವಿಚ್ಚುಗಳನ್ನು ಹಾಕಿದರು. ಹಳೆಯ ವ್ಯವಸ್ಥೆ ಇನ್ನೂ ಉಳಿದಿತ್ತು, ಅದನ್ನು ನಡೆಸಬಲ್ಲ ಕೈಗಳೂ ಉಳಿದಿದ್ದವು. ಯಂತ್ರ ಎಷ್ಟೇ ಜಾಣವಾದರೂ ಮನುಷ್ಯನ ಕೈಗೆ ಒಂದು ದಾರಿ ಬಿಟ್ಟಿರಬೇಕು ಎಂಬುದು ಉಕ್ರೇನಿನ ಪಾಠ.

2022ರ ಫೆಬ್ರವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ಯುದ್ಧಕ್ಕಿಳಿದ ದಿನ ಉಪಗ್ರಹ ಸಂಪರ್ಕ ಜಾಲವೊಂದರ ಮೇಲೆ ದಾಳಿಯಾಯಿತು. ಅದರ ಪರಿಣಾಮವಾಗಿ ದೂರದ ಜರ್ಮನಿಯಲ್ಲಿ ಸುಮಾರು 5,800 ಗಾಳಿಯಂತ್ರಗಳ ದೂರನಿಯಂತ್ರಣ ಕಡಿದುಹೋಯಿತು. ಅವು ತಿರುಗುತ್ತಲೇ ಇದ್ದವು, ಆದರೆ ಅವುಗಳ ಮೇಲೆ ನಿಗಾ ಇಡುವ ಕಣ್ಣು ಮುಚ್ಚಿತ್ತು. ಯಾರೋ ಬೇರೆಯವರ ಮೇಲೆ ಎಸೆದ ಕಲ್ಲು ನಮ್ಮ ಅಂಗಳದಲ್ಲಿ ಬೀಳಬಹುದು ಎಂಬುದಕ್ಕೆ ಇದು ನಿದರ್ಶನ. ಯುರೋಪಿಯನ್ ಒಕ್ಕೂಟ 2024ರಲ್ಲಿ ವಿದ್ಯುತ್ ಕ್ಷೇತ್ರಕ್ಕೆಂದೇ ಸೈಬರ್ ಭದ್ರತೆಯ ಪ್ರತ್ಯೇಕ ಸಂಹಿತೆಯನ್ನು ಜಾರಿಗೆ ತಂದಿತು.

ಕೊಲ್ಲಿ ರಾಷ್ಟ್ರದ ಅನುಭವ

ನಮ್ಮ ಕರಾವಳಿಯ ಅನೇಕ ಕುಟುಂಬಗಳ ಅನ್ನದ ದಾರಿ ಕೊಲ್ಲಿ ರಾಷ್ಟ್ರಗಳಲ್ಲಿದೆ. 2012ರ ಆಗಸ್ಟ್ 15ರಂದು, ರಮಝಾನಿನ ಕೊನೆಯ ದಿನಗಳಲ್ಲಿ, ಬಹಳಷ್ಟು ಸಿಬ್ಬಂದಿ ರಜೆಯಲ್ಲಿದ್ದಾಗ ಸೌದಿ ಅರಾಮ್ಕೊ ಸಂಸ್ಥೆಯ ಸುಮಾರು 30 ಸಾವಿರ ಕಂಪ್ಯೂಟರುಗಳ ಮಾಹಿತಿಯನ್ನು ಶಾಮೂನ್ ಎಂಬ ಕುತಂತ್ರಾಂಶ ಅಳಿಸಿಹಾಕಿತು. ತೈಲ ತೆಗೆಯುವ ಯಂತ್ರಗಳು ಪ್ರತ್ಯೇಕ ಜಾಲದಲ್ಲಿದ್ದುದರಿಂದ ಉತ್ಪಾದನೆ ನಿಲ್ಲಲಿಲ್ಲ. ಕಚೇರಿಯ ಜಾಲ ಮತ್ತು ಯಂತ್ರಗಳ ಜಾಲವನ್ನು ಬೇರೆಬೇರೆ ಇಡಬೇಕೆಂಬ ತತ್ವದ ಬೆಲೆ ಅಂದು ಎಲ್ಲರಿಗೂ ಮನವರಿಕೆಯಾಯಿತು. ಸೌದಿ ಅರೇಬಿಯಾ 2017ರಲ್ಲಿ ರಾಷ್ಟ್ರೀಯ ಸೈಬರ್ ಭದ್ರತಾ ಪ್ರಾಧಿಕಾರವನ್ನು ಸ್ಥಾಪಿಸಿ, 2018ರಲ್ಲಿ ಪಾಲಿಸಲೇಬೇಕಾದ ನಿಯಂತ್ರಣಗಳನ್ನು ಪ್ರಕಟಿಸಿತು.

ಭಾರತದ ಹಾದಿ

2012ರ ಜುಲೈ 30 ಮತ್ತು 31ರಂದು ಭಾರತದ ಉತ್ತರ, ಪೂರ್ವ ಹಾಗೂ ಈಶಾನ್ಯ ಜಾಲಗಳು ಕುಸಿದು, ಎರಡನೆಯ ದಿನ 60 ಕೋಟಿಗೂ ಹೆಚ್ಚು ಜನರು ವಾಸವಾಗಿದ್ದ ಪ್ರದೇಶ ಕತ್ತಲಾಯಿತು. ಅಂದು ಕರ್ನಾಟಕದ ದೀಪಗಳು ಆರಲಿಲ್ಲ. ದಕ್ಷಿಣದ ಜಾಲ ಆಗಿನ್ನೂ ಉಳಿದ ದೇಶದೊಂದಿಗೆ ಒಂದೇ ಲಯದಲ್ಲಿ ಬೆಸೆದುಕೊಂಡಿರಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗ ಚಾಲನೆಗೊಂಡು ಇಡೀ ದೇಶ ಒಂದು ಜಾಲವಾಯಿತು. ಇದರಿಂದ ಕೊರತೆಯ ದಿನಗಳಲ್ಲಿ ನಮಗೆ ಉತ್ತರದ ವಿದ್ಯುತ್ ದೊರೆಯುವಂತಾಯಿತು. ಜೊತೆಗೆ ಉತ್ತರದ ಅಪಾಯದಲ್ಲೂ ನಾವು ಪಾಲುದಾರರಾದೆವು. ದಕ್ಷಿಣದ ಜಾಲವನ್ನು ನಿರ್ವಹಿಸುವ ಪ್ರಾದೇಶಿಕ ಕೇಂದ್ರ ಇರುವುದು ನಮ್ಮ ಬೆಂಗಳೂರಿನಲ್ಲಿಯೇ.

ಕಾನೂನಿನ ಹಾದಿಯನ್ನು ನೋಡಿದರೆ, 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಮತ್ತು ಅದರ 2008ರ ತಿದ್ದುಪಡಿ ಇದಕ್ಕೆ ಬುನಾದಿ. ದೇಶದ ನಿರ್ಣಾಯಕ ಮಾಹಿತಿ ವ್ಯವಸ್ಥೆಗಳ ರಕ್ಷಣೆಗೆ ರಾಷ್ಟ್ರೀಯ ಕೇಂದ್ರವೊಂದನ್ನು 2014ರ ಜನವರಿಯಲ್ಲಿ ಅಧಿಸೂಚಿಸಲಾಯಿತು. 2019ರಲ್ಲಿ ಕೂಡಂಕುಳಂ ಅಣುವಿದ್ಯುತ್ ಕೇಂದ್ರದ ಆಡಳಿತ ಜಾಲದ ಕಂಪ್ಯೂಟರೊಂದರಲ್ಲಿ ಕುತಂತ್ರಾಂಶ ಸಿಕ್ಕಿದ್ದನ್ನು ಅಣುವಿದ್ಯುತ್ ನಿಗಮ ಒಪ್ಪಿಕೊಂಡಿತು. ಸ್ಥಾವರದ ನಿಯಂತ್ರಣ ವ್ಯವಸ್ಥೆಗೆ ಧಕ್ಕೆಯಾಗಿಲ್ಲವೆಂದೂ ಅದು ತಿಳಿಸಿತು.

2020ರ ಅಕ್ಟೋಬರ್ 12ರಂದು ಮುಂಬಯಿಯಲ್ಲಿ ವಿದ್ಯುತ್ ಹೋದಾಗ ಲೋಕಲ್ ರೈಲುಗಳು ನಿಂತವು, ಕೊರೊನಾ ರೋಗಿಗಳಿದ್ದ ಆಸ್ಪತ್ರೆಗಳು ಜನರೇಟರಿನ ಆಸರೆ ಪಡೆದವು. 2021ರ ಮಾರ್ಚ್‌ನಲ್ಲಿ ಮಹಾರಾಷ್ಟ್ರ ಸರಕಾರ ಸೈಬರ್ ಕೈವಾಡದ ಶಂಕೆಯನ್ನು ಮುಂದಿಟ್ಟಿತು. ಕೇಂದ್ರ ಇಂಧನ ಸಚಿವರು ಅದು ಮಾನವ ದೋಷವೆಂದರು. ವಿದ್ಯುತ್ ಸಮವರ್ತಿ ಪಟ್ಟಿಯ ವಿಷಯ, ಪೊಲೀಸ್ ರಾಜ್ಯದ ವಿಷಯ. ಹೀಗಿರುವಾಗ ಒಂದು ಘಟನೆಯ ಬಗ್ಗೆ ಕೊನೆಯ ಮಾತು ಯಾರದು ಎಂಬುದು ಸಾಮಾನ್ಯ ನಾಗರಿಕನಿಗೆ ತಿಳಿಯದೇ ಹೋಯಿತು. ಅಪಘಾತವಾದ ಮೇಲೆ ಸ್ವತಂತ್ರ ತನಿಖೆ ನಡೆದು ಅದರ ವರದಿ ಜನರ ಮುಂದೆ ಬರುವುದು ಆಡಳಿತದ ಅರ್ಧ ಭಾಗ. 2025ರ ಏಪ್ರಿಲ್ 28ರಂದು ಸ್ಪೇನ್ ಮತ್ತು ಪೋರ್ಚುಗಲ್ ಕತ್ತಲಾದಾಗಲೂ ಸೈಬರ್ ದಾಳಿಯ ಮಾತು ಕೇಳಿಬಂದಿತ್ತು. ಸ್ಪೇನ್ ಸರಕಾರ ಜೂನ್ ತಿಂಗಳಲ್ಲಿಯೇ ವರದಿ ಪ್ರಕಟಿಸಿ, ದಾಳಿಯ ಕುರುಹು ಇಲ್ಲ, ವೋಲ್ಟೇಜ್ ನಿಯಂತ್ರಣದ ವೈಫಲ್ಯವೇ ಕಾರಣ ಎಂದು ತಿಳಿಸಿತು. ಗಾಳಿಮಾತಿಗೆ ಮದ್ದು ಇಂತಹ ವರದಿಯೇ.

2021ರ ಅಕ್ಟೋಬರ್‌ನಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರವು ವಿದ್ಯುತ್ ಕ್ಷೇತ್ರದ ಸೈಬರ್ ಭದ್ರತೆಯ ಮಾರ್ಗಸೂಚಿಗಳನ್ನು ಹೊರಡಿಸಿತು. ಪ್ರತಿ ಸಂಸ್ಥೆಗೂ ಒಬ್ಬ ಜವಾಬ್ದಾರಿಯುತ ಮಾಹಿತಿ ಭದ್ರತಾ ಅಧಿಕಾರಿ, ಕಚೇರಿ ಜಾಲದಿಂದ ಯಂತ್ರ ಜಾಲದ ಪ್ರತ್ಯೇಕತೆ, ನಂಬಲರ್ಹ ಮೂಲದಿಂದಲೇ ಉಪಕರಣಗಳ ಖರೀದಿ, ನಿಯಮಿತ ಲೆಕ್ಕಪರಿಶೋಧನೆ, ಸಿಬ್ಬಂದಿಗೆ ತರಬೇತಿ ಇವು ಅದರ ಮುಖ್ಯ ಅಂಶಗಳು. 2022ರ ಏಪ್ರಿಲ್‌ನಲ್ಲಿ ಸೈಬರ್ ಘಟನೆಗಳನ್ನು 6 ಗಂಟೆಗಳೊಳಗೆ ವರದಿ ಮಾಡಬೇಕೆಂಬ ನಿರ್ದೇಶನವೂ ಬಂದಿತು.

ಮೀಟರಿನೊಳಗಿನ ಸ್ವಿಚ್ಚು

2021ರಲ್ಲಿ ಆರಂಭವಾದ ಕೇಂದ್ರದ ಯೋಜನೆಯು ಸುಮಾರು 25 ಕೋಟಿ ಪ್ರೀಪೇಯ್ಡ್ ಸ್ಮಾರ್ಟ್ ಮೀಟರುಗಳ ಗುರಿ ಹೊಂದಿದೆ. 2025ರಲ್ಲಿ ಕರ್ನಾಟಕದಲ್ಲಿ ಹೊಸ ಸಂಪರ್ಕಗಳಿಗೆ ಈ ಮೀಟರು ಬಂದಾಗ ಚರ್ಚೆಯಾದದ್ದು ಹೆಚ್ಚಾಗಿ ಅದರ ಬೆಲೆ. ಬೆಲೆಯ ಪ್ರಶ್ನೆ ನ್ಯಾಯವಾದದ್ದೇ. ಆದರೆ ಅಷ್ಟೇ ಮಹತ್ವದ ಇನ್ನೊಂದು ಸಂಗತಿಯಿದೆ. ಈ ಮೀಟರಿನಲ್ಲಿ ದೂರದಿಂದಲೇ ಮನೆಯ ವಿದ್ಯುತ್ತನ್ನು ಕಡಿಯುವ ಸ್ವಿಚ್ಚು ಇದೆ.

2020ರ ಆಗಸ್ಟ್ 12ರಂದು, ಜನ್ಮಾಷ್ಟಮಿಯ ದಿನ, ಉತ್ತರ ಪ್ರದೇಶದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಸ್ಮಾರ್ಟ್ ಮೀಟರ್ ಗ್ರಾಹಕರ ವಿದ್ಯುತ್ ಒಮ್ಮೆಲೇ ಕಡಿತವಾಯಿತು. ಬಾಕಿ ಇಲ್ಲದವರ ಮನೆಯಲ್ಲೂ ದೀಪ ಆರಿತು. ಯಾವ ವಿದೇಶಿ ದಾಳಿಯೂ ಬೇಕಾಗಲಿಲ್ಲ, ತಪ್ಪಾಗಿ ಹೋದ ಆಜ್ಞೆಯೇ ಸಾಕಾಯಿತು.

ಈ ಅಪಾಯವನ್ನು ಕೇಂಬ್ರಿಜ್ ವಿಶ್ವವಿದ್ಯಾಲಯದ ರಾಸ್ ಆಂಡರ್ಸನ್ ಮತ್ತು ಶೈಲೇಂದ್ರ ಫುಲೋರಿಯಾ 2010ರಲ್ಲಿಯೇ ಎತ್ತಿ ತೋರಿಸಿದ್ದರು. ಕಡಿತದ ಅಧಿಕಾರ ಒಬ್ಬರ ಕೈಯಲ್ಲಿರದೆ ಹಂಚಿಕೆಯಾಗಬೇಕು, ಒಂದು ಸಲಕ್ಕೆ ಇಂತಿಷ್ಟೇ ಮನೆಗಳೆಂಬ ಮಿತಿ ಇರಬೇಕು, ಸ್ಥಳದಲ್ಲೇ ಆಜ್ಞೆಯನ್ನು ಮೀರುವ ಉಪಾಯ ಇರಬೇಕು ಎಂಬುದು ಅವರ ಸಲಹೆಗಳ ಸಾರ. ನೆದರ್‌ಲ್ಯಾಂಡ್ಸ್‌ನ ಸಂಸತ್ತಿನ ಮೇಲ್ಮನೆ 2009ರಲ್ಲಿ, ಮನೆಯ ಖಾಸಗಿತನಕ್ಕೆ ಧಕ್ಕೆ ಬರುತ್ತದೆಂಬ ಕಾರಣಕ್ಕೆ ಇಂತಹ ಮೀಟರನ್ನು ಕಡ್ಡಾಯಗೊಳಿಸಲು ಒಪ್ಪಲಿಲ್ಲ. ಮನೆಯಲ್ಲಿ ಯಾರು ಯಾವಾಗ ಇರುತ್ತಾರೆ ಎಂಬುದನ್ನೂ ಮೀಟರಿನ ಲೆಕ್ಕ ಹೇಳಬಲ್ಲದು. ರಮಝಾನ್ ತಿಂಗಳಲ್ಲಿ ನಸುಕಿಗೆ ಮುನ್ನ ಯಾವ ಮನೆಯ ದೀಪ ಹೊತ್ತಿತು ಎಂಬುದೂ ಆ ಲೆಕ್ಕದಲ್ಲಿ ಸೇರಿರುತ್ತದೆ.

ಮುಹ್ತಸಿಬ್‌ನ ತಕ್ಕಡಿ

ಮಾರುವವನಿಗೂ ಕೊಳ್ಳುವವನಿಗೂ ನಡುವೆ ಇರುವ ಅಳತೆಯ ಸಾಧನವನ್ನು ಮೂರನೆಯವನು ಪರೀಕ್ಷಿಸಬೇಕು ಎಂಬ ತತ್ವ ಹೊಸದೇನಲ್ಲ. ಮಧ್ಯಯುಗದ ಮುಸ್ಲಿಂ ನಗರಗಳಲ್ಲಿ ಮುಹ್ತಸಿಬ್ ಎಂಬ ಅಧಿಕಾರಿ ಮಾರುಕಟ್ಟೆಯಲ್ಲಿ ಸಂಚರಿಸಿ ತಕ್ಕಡಿ, ತೂಕದ ಬಟ್ಟು, ಅಳತೆಯ ಪಾತ್ರೆಗಳನ್ನು ಪರೀಕ್ಷಿಸುತ್ತಿದ್ದನು. 12ನೆಯ ಶತಮಾನದಲ್ಲಿ ಶೈಝರಿ ಅವರು ರಚಿಸಿದ ಕೈಪಿಡಿ ಒಂದೊಂದು ಕಸುಬಿನಲ್ಲೂ ನಡೆಯಬಹುದಾದ ಮೋಸಗಳನ್ನು ವಿವರಿಸುತ್ತದೆ. ಇಂದಿನ ಮೀಟರು ತಕ್ಕಡಿಯೂ ಹೌದು, ಬೀಗವೂ ಹೌದು. ಅದನ್ನು ಪರೀಕ್ಷಿಸುವವನಿಗೆ ಮಾರಾಟಗಾರನ ಹಂಗು ಇರಬಾರದು.

ಇನ್ನೊಂದು ಸಂಗತಿಯೂ ಸ್ಮರಣೀಯ. ಮೀಟರಿನ ಸಂದೇಶಗಳನ್ನು ಕಾಪಾಡುವುದು ಗೂಢಲಿಪಿ ಶಾಸ್ತ್ರ. ಅಕ್ಷರಗಳು ಎಷ್ಟು ಬಾರಿ ಬರುತ್ತವೆಂದು ಎಣಿಸಿ ಗೂಢಲಿಪಿಯನ್ನು ಭೇದಿಸುವ ವಿಧಾನದ ಬಗ್ಗೆ ನಮಗೆ ದೊರೆತಿರುವ ಮೊದಲ ಬರಹ 9ನೆಯ ಶತಮಾನದ ಬಗ್ದಾದಿನ ಅಲ್-ಕಿಂದಿಯವರದು. ಬೀಗ ಹೇಗೆ ಮುರಿಯುತ್ತದೆಂದು ತಿಳಿದವನೇ ಒಳ್ಳೆಯ ಬೀಗ ಮಾಡಬಲ್ಲ. ಆದರೆ ಪೂರ್ವಜರ ಹೆಸರು ಹೇಳಿ ಹೆಮ್ಮೆಪಟ್ಟರೆ ಸಾಲದು, ಅವರ ಕೆಲಸವನ್ನು ಮುಂದುವರಿಸಬೇಕು.

ನಮ್ಮ ಮುಂದಿರುವ ಕೆಲಸ

ಇತಿಹಾಸ ನಮಗೆ ತಿಳಿಸುವುದು ಇಷ್ಟು: ಆಜ್ಞೆ ಕೊಡುವ ಅಧಿಕಾರ ಯಾರಿಗಿದೆ, ಅದನ್ನು ಪರೀಕ್ಷಿಸುವವರು ಯಾರು, ತಪ್ಪಾದಾಗ ಉತ್ತರ ಕೊಡುವವರು ಯಾರು ಎಂಬ ಮೂರು ಪ್ರಶ್ನೆಗಳಿಗೆ ಉತ್ತರವಿಲ್ಲದ ಕಡೆ ಜಾಣ ಯಂತ್ರ ಅಪಾಯಕಾರಿ. ಇದುವರೆಗೆ ಬಹುತೇಕ ದೇಶಗಳಲ್ಲಿ ನಿಯಮ ಬಂದದ್ದು ಕತ್ತಲೆಯ ನಂತರ. ಕೋಟ್ಯಂತರ ಮೀಟರುಗಳು ಗೋಡೆಗೇರುತ್ತಿರುವ ಈ ಹೊತ್ತಿನಲ್ಲಿ ಭಾರತಕ್ಕೆ ಮುಂಚಿತವಾಗಿ ನಿಯಮ ಮಾಡಿಕೊಳ್ಳುವ ಅವಕಾಶವಿದೆ. ವಿದ್ಯುತ್ ನಿಯಂತ್ರಣ ಆಯೋಗಗಳು ದರ ಪರಿಷ್ಕರಣೆಗೆ ಸಾರ್ವಜನಿಕ ವಿಚಾರಣೆ ನಡೆಸುತ್ತವೆ. ಅಲ್ಲಿ ಯೂನಿಟ್ಟಿನ ಬೆಲೆಯ ಜೊತೆಗೆ, ಒಂದು ದಿನಕ್ಕೆ ಎಷ್ಟು ಮನೆಗಳನ್ನು ಕಡಿಯಬಹುದೆಂಬ ಮಿತಿ ಇದೆಯೇ, ನಮ್ಮ ಮಾಹಿತಿ ಯಾರ ಬಳಿ ಎಷ್ಟು ಕಾಲ ಇರುತ್ತದೆ ಎಂದು ಕೇಳುವ ಹಕ್ಕು ಪ್ರತಿ ಗ್ರಾಹಕನಿಗೂ ಇದೆ. ಆದರೆ ಕೇಳಲು ವಿಷಯ ತಿಳಿದಿರಬೇಕು.

ಇಲ್ಲಿಯೇ ಶಿಕ್ಷಣದ ಪ್ರಶ್ನೆ ಬರುತ್ತದೆ. ವಿದ್ಯುತ್ತನ್ನೂ ಕಂಪ್ಯೂಟರನ್ನೂ ಕಾನೂನನ್ನೂ ಒಟ್ಟಿಗೆ ಅರಿತವರ ಅಗತ್ಯ ವಿದ್ಯುತ್ ಸಂಸ್ಥೆಗಳಿಗೂ ನಿಯಂತ್ರಣ ಆಯೋಗಗಳಿಗೂ ಇದೆ. ನಮ್ಮ ಡಿಪ್ಲೊಮಾ ಮತ್ತು ಇಂಜಿನಿಯರಿಂಗ್ ವಿದ್ಯಾರ್ಥಿಗಳು, ಅದರಲ್ಲೂ ಹೆಣ್ಣುಮಕ್ಕಳು, ಈ ಕ್ಷೇತ್ರವನ್ನು ಗಂಭೀರವಾಗಿ ಪರಿಗಣಿಸಬೇಕು. ಕಾನೂನು ಓದುವವರೂ ಇದನ್ನು ಇಂಜಿನಿಯರುಗಳ ವಿಷಯವೆಂದು ಬದಿಗಿಡಬಾರದು. ಲಕ್ಷಾಂತರ ಮನೆಗಳ ಬೆಳಕನ್ನು ಒಂದು ಗುಂಡಿಯ ಹಿಂದೆ ಇಟ್ಟು ಕಾಯುವುದು ದೊಡ್ಡ ಅಮಾನತ್. ಅದನ್ನು ಹೊರಲು ಪ್ರಾಮಾಣಿಕತೆಯೂ ಬೇಕು, ಜ್ಞಾನವೂ ಬೇಕು. ಎರಡರಲ್ಲಿ ಒಂದು ತಪ್ಪಿದರೂ ಕತ್ತಲೆಯಲ್ಲಿ ಕೂರುವವರು ಜನರೇಟರ್ ಕೊಳ್ಳಲಾಗದ ಬಡವರೇ.