ಶಾಲೆಯ ಬಾಗಿಲಲ್ಲಿ ಕೂಟಲೇಖ

ಶ್ರಾವಕನ ಐದು ಅಣುವ್ರತಗಳಲ್ಲಿ ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ನಮ್ಮ ಆಚಾರ್ಯರು ಹೇಳಿದ್ದಾರೆ. ಅವುಗಳಲ್ಲಿ ಒಂದು ಕೂಟಲೇಖಕ್ರಿಯೆ, ಅಂದರೆ ಸುಳ್ಳು ಬರಹವನ್ನು ಸೃಷ್ಟಿಸುವುದು. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿಯೂ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿಯೂ ಇದಕ್ಕೆ ಸ್ಥಾನವಿದೆ. ಸುಳ್ಳು ಹೇಳಬಾರದೆಂಬ ಒಂದು ಮಾತು ಸಾಲದೆಂದು ಬರಹದ ಸುಳ್ಳನ್ನು ಬೇರೆಯಾಗಿ ಎಣಿಸಿರುವುದು ವಿಚಾರಾರ್ಹವಾಗಿದೆ. ಆಡಿದ ಸುಳ್ಳು ಕೇಳಿದವನೊಬ್ಬನನ್ನು ವಂಚಿಸುತ್ತದೆ. ಬರೆದ ಸುಳ್ಳಾದರೋ ಬರೆದವನು ಎದ್ದುಹೋದ ಮೇಲೆಯೂ ಉಳಿದು, ಅವನ ಮುಖವನ್ನೇ ಕಾಣದ ಮೂರನೆಯವರ ಹಕ್ಕನ್ನು ಕಸಿಯುತ್ತದೆ.

ಕೂಟಲೇಖದ ಇತಿಹಾಸ ಪ್ರಾಚೀನವಾದುದು. ಕ್ರಿ.ಶ. 631ರ ಸುಮಾರಿಗೆ ಸೇರಿದ ಹರ್ಷವರ್ಧನನ ಮಧುಬನ ತಾಮ್ರಶಾಸನದಲ್ಲಿ ಒಂದು ಗ್ರಾಮದ ವಿಷಯವಿದೆ. ಕೂಟಶಾಸನದ ಬಲದಿಂದ ಒಬ್ಬನು ಅನುಭವಿಸುತ್ತಿದ್ದ ಆ ಗ್ರಾಮವನ್ನು ಅರಸನು ಹಿಂದಕ್ಕೆ ಪಡೆದು ಬೇರೆಯವರಿಗೆ ದತ್ತಿ ನೀಡಿದನು. ಕರ್ನಾಟಕದ ಗಂಗರ ಹೆಸರಿನಲ್ಲಿ ದೊರೆತ ಹಲವು ತಾಮ್ರಪಟಗಳನ್ನು ಕೂಟಶಾಸನಗಳೆಂದು ಜೆ. ಎಫ್. ಫ್ಲೀಟರು ವಾದಿಸಿದರು; ಬಿ. ಎಲ್. ರೈಸರು ಅದನ್ನು ಒಪ್ಪಲಿಲ್ಲ. ಆ ವಾದ ವಿದ್ವಾಂಸರಿಗೆ ಸೇರಿದ್ದು. ಆದರೆ ಒಂದು ಸಂಗತಿ ಸ್ಪಷ್ಟವಾಗಿದೆ. ಯಾವ ಕಾಲದಲ್ಲಿ ಯಾವ ವಸ್ತು ಅಮೂಲ್ಯವೂ ವಿರಳವೂ ಆಗಿರುತ್ತದೆಯೋ, ಆ ಕಾಲದ ಕೂಟಲೇಖ ಆ ವಸ್ತುವಿಗಾಗಿಯೇ ಹುಟ್ಟುತ್ತದೆ. ಅಂದು ಭೂಮಿಗಾಗಿ ಹುಟ್ಟಿತು. ನಮ್ಮ ಕಾಲದಲ್ಲಿ ಒಳ್ಳೆಯ ಶಾಲೆಯ ಒಂದನೆಯ ತರಗತಿಯ ಸ್ಥಾನಕ್ಕಾಗಿ ಹುಟ್ಟಿದೆ.

ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕಿನ ಕಾಯಿದೆಯು 2009ರಲ್ಲಿ ಅಂಗೀಕೃತವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಅನುದಾನರಹಿತ ಖಾಸಗಿ ಶಾಲೆಗಳು ಪ್ರವೇಶದ ತರಗತಿಯಲ್ಲಿ ಕನಿಷ್ಠ ಶೇಕಡಾ 25 ಸ್ಥಾನಗಳನ್ನು ನೆರೆಹೊರೆಯ ದುರ್ಬಲ ಮತ್ತು ಅವಕಾಶವಂಚಿತ ವರ್ಗಗಳ ಮಕ್ಕಳಿಗೆ ಕೊಡಬೇಕೆಂಬುದು ಅದರ 12ನೆಯ ಪ್ರಕರಣದ ವಿಧಿ. 2012ರ ಏಪ್ರಿಲ್ 12ರಂದು ಸರ್ವೋಚ್ಚ ನ್ಯಾಯಾಲಯವು ಇದನ್ನು ಎತ್ತಿಹಿಡಿಯಿತು. ಅದೇ ವರ್ಷ ಕರ್ನಾಟಕದಲ್ಲಿ ಈ ಪ್ರವೇಶ ಆರಂಭವಾಯಿತು.

‘ನೆರೆಹೊರೆ’ ಎಂಬ ಪದಕ್ಕೆ ಸರ್ಕಾರಿ ಕಡತದಲ್ಲಿ ಒಂದು ಗಡಿ ಬೇಕಾಗುತ್ತದೆ. ನಗರಗಳಲ್ಲಿ ವಾರ್ಡನ್ನೇ ನೆರೆಹೊರೆಯೆಂದು ಗಣಿಸಲಾಯಿತು. ಬೆಂಗಳೂರಿನ ಉತ್ತರ ಭಾಗದಲ್ಲಿ ಇದರ ಪರಿಣಾಮ ಎದ್ದುಕಾಣುವಂತಿತ್ತು. ಯಲಹಂಕ ಮತ್ತು ಬ್ಯಾಟರಾಯನಪುರ ನಗರಸಭೆಗಳು 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ವಿಲೀನವಾದವು. 2010ರ ಚುನಾವಣೆಗಾಗಿ ನಗರವನ್ನು 198 ವಾರ್ಡುಗಳಾಗಿ ವಿಂಗಡಿಸಿದಾಗ ಯಲಹಂಕವೊಂದೇ ಕೆಂಪೇಗೌಡ, ಚೌಡೇಶ್ವರಿ, ಅಟ್ಟೂರು, ಯಲಹಂಕ ಉಪನಗರ ಎಂಬ ವಾರ್ಡುಗಳಲ್ಲಿ ಹಂಚಿಹೋಯಿತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಹೆಬ್ಬಾಳದಿಂದ ಉತ್ತರಕ್ಕೆ ಬಳ್ಳಾರಿ ರಸ್ತೆಯ ಎರಡೂ ಬದಿಗೆ ಬಡಾವಣೆಗಳು ಬೆಳೆದವು. ಅವುಗಳೊಡನೆ ಖಾಸಗಿ ಶಾಲೆಗಳೂ ಬಂದವು. ಮತಗಳನ್ನು ಎಣಿಸುವುದಕ್ಕಾಗಿ ಎಳೆದ ಗೆರೆಯು ಮಗುವಿನ ವಿದ್ಯೆಯನ್ನು ನಿರ್ಣಯಿಸುವ ಗೆರೆಯಾಯಿತು. ರಸ್ತೆಯ ಈಚೆ ಬದಿಯ ಮನೆಗೆ ಆಚೆ ಬದಿಯ ಶಾಲೆ ನೆರೆಹೊರೆಯಲ್ಲ ಎಂಬ ಸ್ಥಿತಿ ಉಂಟಾಗಲು ಅವಕಾಶವಾಯಿತು.

ಗೆರೆ ಇದ್ದಲ್ಲಿ ಅದನ್ನು ಕಾಗದದ ಮೇಲೆ ದಾಟುವ ಉಪಾಯಗಳೂ ಹುಟ್ಟುತ್ತವೆ. ಛಾಪಾ ಕಾಗದದ ಮೇಲೆ ವಾಸವಿಲ್ಲದ ಮನೆಗೆ ಬಾಡಿಗೆ ಕರಾರು, ಬಂಧುಗಳ ಮನೆಯ ವಿದ್ಯುತ್ ಬಿಲ್ಲು, ಅರ್ಜಿ ಕರೆಯುವ ಮುನ್ನ ಬದಲಾಯಿಸಿಕೊಂಡ ವಿಳಾಸ: ಇಂತಹ ದೂರುಗಳು ಬೆಂಗಳೂರಿನ ಪತ್ರಿಕೆಗಳಲ್ಲಿ ವರದಿಯಾದವು. 2017–18ನೆಯ ಸಾಲಿನ ಪ್ರವೇಶಕ್ಕೆ ಇಲಾಖೆಯು ಆಧಾರ್ ಕಡ್ಡಾಯಗೊಳಿಸಿತು. ಆದರೆ ಆಧಾರ್ ವ್ಯಕ್ತಿಯ ಗುರುತನ್ನು ದೃಢಪಡಿಸಬಲ್ಲದೇ ಹೊರತು, ಅವನು ಆ ರಾತ್ರಿ ಯಾವ ಸೂರಿನಡಿ ಮಲಗುತ್ತಾನೆಂಬುದನ್ನಲ್ಲ. ಶಾಲಾ ಪ್ರವೇಶಕ್ಕೆ ಆಧಾರ್ ಕಡ್ಡಾಯವಾಗಕೂಡದೆಂದು ಸರ್ವೋಚ್ಚ ನ್ಯಾಯಾಲಯವು 2018ರ ಸೆಪ್ಟೆಂಬರ್ 26ರಂದು ತೀರ್ಪಿತ್ತಿತು.

ಸರ್ಕಾರದ ಬೇಡಿಕೆಯುಳ್ಳ ಶಾಲೆಗಳಲ್ಲಿಯೂ ವಿಳಾಸಕ್ಕೆ ಬೆಲೆಯಿದೆ. ಹೆಬ್ಬಾಳ ಮತ್ತು ಯಲಹಂಕಗಳಲ್ಲಿರುವ ಕೇಂದ್ರೀಯ ವಿದ್ಯಾಲಯಗಳಲ್ಲಿ ಪ್ರವೇಶವು ಮುಖ್ಯವಾಗಿ ಪೋಷಕರ ಸೇವಾವರ್ಗವನ್ನು ಅವಲಂಬಿಸಿದ್ದರೂ ವಾಸದ ದಾಖಲೆಯನ್ನು ಒದಗಿಸಬೇಕು. ಶಾಲೆಗೂ ಮನೆಗೂ ಇರುವ ದೂರಕ್ಕೆ ಪೋಷಕರ ಲಿಖಿತ ಘೋಷಣೆಯನ್ನೂ ಒಪ್ಪಬಹುದು. ನವೋದಯ ವಿದ್ಯಾಲಯಗಳಲ್ಲಿ ಕನಿಷ್ಠ ಶೇಕಡಾ 75 ಸ್ಥಾನಗಳು ಗ್ರಾಮೀಣ ಮಕ್ಕಳಿಗೆ ಮೀಸಲು. ಲಿಖಿತ ಘೋಷಣೆಯನ್ನು ನಂಬಿಯೇ ವ್ಯವಸ್ಥೆ ನಡೆಯುವ ಕಡೆ ಆ ನಂಬಿಕೆಯೇ ಒಂದು ನ್ಯಾಸ, ಅಂದರೆ ಒಪ್ಪಿಸಿದ ಇಡುಗಂಟು. ನ್ಯಾಸಾಪಹಾರವೂ ಸತ್ಯಾಣುವ್ರತದ ಅತಿಚಾರವೇ ಎಂಬುದನ್ನು ನೆನೆಯಬೇಕು.

“ಇದರಿಂದ ಯಾರಿಗೆ ನಷ್ಟ?” ಎಂಬ ಪ್ರಶ್ನೆಯನ್ನು ಸಜ್ಜನರೂ ಕೇಳುವುದುಂಟು. ವ್ಯಾಪಾರಿಗಳಿಗೆ ಉತ್ತರ ಸುಲಭವಾಗಿ ತಿಳಿಯಬೇಕು. ಒಂದು ಖಾತೆಯಲ್ಲಿ ಜಮೆಯಾದುದು ಇನ್ನೊಂದು ಖಾತೆಯಲ್ಲಿ ಖರ್ಚಾಗಲೇಬೇಕು. ಒಂದನೆಯ ತರಗತಿಗೆ 40 ಮಕ್ಕಳನ್ನು ಸೇರಿಸುವ ಶಾಲೆಯಲ್ಲಿ ಈ ಕಾಯಿದೆಯಡಿ ದೊರೆಯುವುದು 10 ಸ್ಥಾನ. ಅವುಗಳಲ್ಲಿ ಮೂರು ಸುಳ್ಳು ವಿಳಾಸಕ್ಕೆ ಹೋದರೆ ವಾರ್ಡಿನ ಮಕ್ಕಳಿಗೆ ಉಳಿಯುವುದು ಏಳು. ಲಾಟರಿಯಲ್ಲಿ ಹೆಸರು ಬಾರದ ಮೂರು ಮಕ್ಕಳ ತಂದೆತಾಯಿಯರು ಅದನ್ನು ತಮ್ಮ ಕರ್ಮಫಲವೆಂದು ತಿಳಿದು ಸುಮ್ಮನಾಗುತ್ತಾರೆ. ಅದು ಇನ್ನೊಬ್ಬರ ಲೇಖನಿಯ ಫಲವೆಂದು ಅವರಿಗೆ ಎಂದೂ ತಿಳಿಯುವುದಿಲ್ಲ. ಹೀಗೆ ಅಸತ್ಯವು ಅದತ್ತಾದಾನವಾಗಿ, ಕೊಡದುದನ್ನು ಪಡೆಯುವ ಕಳವಾಗಿ ಪರಿಣಮಿಸುತ್ತದೆ. ರಾಜ್ಯದ ವಿಧಿಯನ್ನು ಮೀರುವ ವಿರುದ್ಧರಾಜ್ಯಾತಿಕ್ರಮವನ್ನು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಸೇರಿಸಿರುವುದರ ಔಚಿತ್ಯ ಇಲ್ಲಿ ತಿಳಿಯುತ್ತದೆ.

ದೋಷವು ತಂದೆತಾಯಿಯರೊಂದಿಗೇ ನಿಲ್ಲುವುದಿಲ್ಲ. ಕೃತ, ಕಾರಿತ, ಅನುಮೋದಿತ ಎಂಬ ಮೂರೂ ವಿಧಗಳಿಂದ ಕರ್ಮಾಸ್ರವವಾಗುತ್ತದೆಂಬುದು ನಮ್ಮ ಸಿದ್ಧಾಂತ. ಬಾಡಿಗೆಗೆ ಕೊಡದ ಮನೆಗೆ ಕರಾರು ಬರೆದುಕೊಟ್ಟ ಮಾಲೀಕನು, ಸಾಕ್ಷಿಯ ರುಜು ಹಾಕಿದ ನೆಂಟನು, ‘ನಮ್ಮ ಅಂಗಡಿಯ ಮೇಲಿನ ಮನೆಯಲ್ಲೇ ವಾಸ’ ಎಂದು ಪತ್ರ ಕೊಟ್ಟ ವರ್ತಕನು — ಇವರೆಲ್ಲರೂ ಪಾಲುದಾರರೇ. ಉಪಕಾರವೆಂಬ ಭಾವನೆಯಿಂದ ಮಾಡಿದರೂ ಬರಹದ ಸುಳ್ಳು ಸುಳ್ಳೇ. ಮಗುವಿನ ವಿಷಯ ಇನ್ನೂ ಗಂಭೀರವಾದುದು. ‘ಎಲ್ಲಿ ಮನೆ ಎಂದು ಕೇಳಿದರೆ ಹೀಗೆ ಹೇಳು’ ಎಂದು ಕಲಿಸಿದ ಪಾಠವೇ ಅದರ ಮೊದಲ ಪಾಠವಾಗುತ್ತದೆ.

ಇನ್ನೊಂದು ಬದಿಯನ್ನೂ ನೋಡುವುದು ಅನೇಕಾಂತದೃಷ್ಟಿಗೆ ಉಚಿತ. ಇದು ನಮ್ಮ ನಾಡಿಗೆ ಮಾತ್ರ ಸೀಮಿತವಾದ ವ್ಯಾಧಿಯಲ್ಲ. ಇಂಗ್ಲೆಂಡಿನ ಪೂಲ್ ಪಟ್ಟಣದ ಪೌರಸಂಸ್ಥೆಯು ಒಂದು ಕುಟುಂಬವು ನಿಜವಾಗಿ ಎಲ್ಲಿ ವಾಸಿಸುತ್ತದೆಂದು ತಿಳಿಯಲು 2008ರಲ್ಲಿ ವಾರಗಟ್ಟಲೆ ಗುಪ್ತವಾಗಿ ಹಿಂಬಾಲಿಸಿತು. ಅದು ಕಾನೂನುಬಾಹಿರವೆಂದು 2010ರಲ್ಲಿ ನ್ಯಾಯಮಂಡಳಿ ತೀರ್ಮಾನಿಸಿತು. ಅಮೆರಿಕದ ಓಹಾಯೋ ರಾಜ್ಯದಲ್ಲಿ ತನ್ನ ತಂದೆಯ ವಿಳಾಸವನ್ನು ಕೊಟ್ಟು ಹೆಣ್ಣುಮಕ್ಕಳನ್ನು ಬೇರೆ ವಲಯದ ಶಾಲೆಗೆ ಸೇರಿಸಿದ ತಾಯಿಯೊಬ್ಬಳು 2011ರಲ್ಲಿ ಒಂಬತ್ತು ದಿನ ಸೆರೆಮನೆಯಲ್ಲಿರಬೇಕಾಯಿತು. ಇದಕ್ಕೆ ಪ್ರತಿಯಾಗಿ, ದೆಹಲಿಯಲ್ಲಿ ಉಳ್ಳವನೊಬ್ಬನು ಕೊಳೆಗೇರಿಯ ನಿವಾಸಿಯೆಂದು ದಾಖಲೆ ಸೃಷ್ಟಿಸಿ ಮಗನಿಗೆ ಬಡವರ ಸ್ಥಾನ ದೊರಕಿಸಿದ್ದನೆಂಬ ಆರೋಪದ ಮೇಲೆ 2018ರಲ್ಲಿ ಬಂಧಿತನಾದನು. ಓಹಾಯೋದ ತಾಯಿ ಮತ್ತು ದೆಹಲಿಯ ಸಿರಿವಂತ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಕಷಾಯದ ತೀವ್ರತೆಯಂತೆ ಬಂಧವೂ ಭಿನ್ನ. ಆದರೆ ಅನೇಕಾಂತವು ದೋಷದ ತರತಮವನ್ನು ತಿಳಿಸುತ್ತದೆಯೇ ಹೊರತು ದೋಷವನ್ನು ಗುಣವೆಂದು ಸಾರುವುದಿಲ್ಲ.

ರೋಗದ ಮೂಲವಿರುವುದು ಒಳ್ಳೆಯ ಸ್ಥಾನಗಳ ಅಭಾವದಲ್ಲಿ. ಆ ಅಭಾವ ಈಗ ಹೆಚ್ಚಾಗಿದೆ. ಸರ್ಕಾರಿ ಇಲ್ಲವೇ ಅನುದಾನಿತ ಶಾಲೆಯಿರುವ ನೆರೆಹೊರೆಯಲ್ಲಿ ಖಾಸಗಿ ಶಾಲೆಗಳಿಗೆ ಈ ಮಕ್ಕಳನ್ನು ಕಳುಹಿಸಬೇಕಾಗಿಲ್ಲವೆಂದು ಕರ್ನಾಟಕವು 2019–20ನೆಯ ಸಾಲಿನಿಂದ ನಿಯಮವನ್ನು ತಿದ್ದಿತು. ಉಚ್ಚ ನ್ಯಾಯಾಲಯವು 2019ರಲ್ಲಿ ಅದನ್ನು ಎತ್ತಿಹಿಡಿಯಿತು. ಹಿಂದಿನ ವರ್ಷ ಸುಮಾರು ಒಂದೂವರೆ ಲಕ್ಷವಿದ್ದ ಸ್ಥಾನಗಳು ಒಂದೇ ಸಲಕ್ಕೆ 20 ಸಾವಿರಕ್ಕಿಂತ ಕೆಳಗಿಳಿದವು. ಸರ್ಕಾರಿ ಶಾಲೆಗಳು ಬರಿದಾಗುವುದನ್ನು ತಡೆಯುವುದು ಉದ್ದೇಶವಾಗಿತ್ತು. ಆದರೆ ಆ ಶಾಲೆಗಳು ಉತ್ತಮವಾಗದೆ ಈ ಉದ್ದೇಶ ಸಫಲವಾಗದು.

ಇಲ್ಲಿ ನಮ್ಮ ಟ್ರಸ್ಟುಗಳ ಪಾತ್ರ ಬರುತ್ತದೆ. 2014ರ ಜನವರಿ 27ರಂದು ಕೇಂದ್ರ ಸರ್ಕಾರವು ಜೈನ ಸಮಾಜವನ್ನು ಅಲ್ಪಸಂಖ್ಯಾತವೆಂದು ಘೋಷಿಸಿತು. ಅಲ್ಪಸಂಖ್ಯಾತ ಶಾಲೆಗಳಿಗೆ ಈ ಕಾಯಿದೆ ಅನ್ವಯಿಸದೆಂದು ಅದೇ ವರ್ಷದ ಮೇ 6ರಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಕಾನೂನು ಕೊಟ್ಟ ಈ ವಿನಾಯಿತಿ ದಾನಧರ್ಮದಿಂದ ದೊರೆತ ವಿನಾಯಿತಿಯಲ್ಲ. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳೆಂಬುದು ಪ್ರಸಿದ್ಧ. ಪ್ರತಿಗಳು ವಿರಳವಾಗಿದ್ದ ಕಾಲದಲ್ಲಿ ಆಕೆ ಇದ್ದ ಪ್ರತಿಗೆ ಕಾವಲಿಡಲಿಲ್ಲ, ಪ್ರತಿಗಳನ್ನು ಹೆಚ್ಚಿಸಿದಳು. ಶಾಸ್ತ್ರದಾನದ ಮರ್ಮ ಅದೇ ಆಗಿದೆ.

ಬಸದಿಯ ಟ್ರಸ್ಟು ತನ್ನ ಶಾಲೆಯಲ್ಲಿ ಸುತ್ತಲಿನ ಬಡ ಮಕ್ಕಳಿಗೆ ಸ್ವಇಚ್ಛೆಯಿಂದ ಕೆಲವು ಸ್ಥಾನಗಳನ್ನು ಕಾದಿರಿಸಬಹುದು. ಶಾಲೆಯಿಲ್ಲದ ಟ್ರಸ್ಟು ತನ್ನ ಬೀದಿಯ ಸರ್ಕಾರಿ ಶಾಲೆಗೆ ಶೌಚಾಲಯ, ಗ್ರಂಥಾಲಯ, ಒಬ್ಬ ಇಂಗ್ಲಿಷ್ ಶಿಕ್ಷಕರ ವೇತನ ಒದಗಿಸಬಹುದು. ಯಾರೇ ಕೇಳಿದರೂ ವಾಸದ ಸುಳ್ಳು ಪತ್ರವನ್ನು ಕೊಡುವುದಿಲ್ಲವೆಂದು ಆಡಳಿತ ಮಂಡಳಿ ನಿರ್ಣಯಿಸಬಹುದು. ಜೊತೆಗೆ ನಿಜವಾದ ವಿಳಾಸದಿಂದಲೇ ಅರ್ಜಿ ತುಂಬಲು ತಿಳಿಯದವರಿಗೆ ನೆರವಾಗಬಹುದು. ದಶಲಕ್ಷಣ ಪರ್ವದಲ್ಲಿ ಉತ್ತಮ ಸತ್ಯದ ದಿನ ಪೂಜೆ, ಪ್ರವಚನಗಳು ನಡೆಯುತ್ತವೆ. ಆ ದಿನ ಪ್ರತಿಯೊಂದು ಮನೆಯವರೂ ತಾವು ರುಜು ಹಾಕಿದ ಕಾಗದಗಳನ್ನು ಒಮ್ಮೆ ಮನಸ್ಸಿನಲ್ಲಿ ತಿರುವಿ ನೋಡಿದರೆ ಪೂಜೆ ಸಾರ್ಥಕವಾಗುತ್ತದೆ.