ಮನೆಯ ಮಾತು, ತರಗತಿಯ ಮಾತು

ಮೈಸೂರು ವಿಶ್ವವಿದ್ಯಾನಿಲಯವೆಂದರೆ ಇಂದು ನಮ್ಮ ಕಣ್ಣಿಗೆ ಬರುವುದು ಕುಕ್ಕರಹಳ್ಳಿ ಕೆರೆಯ ಬಳಿಯ ಮಾನಸಗಂಗೋತ್ರಿ. 1916ರ ಜುಲೈ 27ರಂದು ಅದು ಹುಟ್ಟಿದಾಗ ಅದಕ್ಕಿದ್ದುದು ಎರಡೇ ಆಸರೆ: ಮೈಸೂರಿನ ಮಹಾರಾಜಾ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು. ಅಲ್ಲಿಯವರೆಗೆ ಇಲ್ಲಿನ ಹುಡುಗರಿಗೆ ಪದವಿ ಕೊಡುತ್ತಿದ್ದುದು ಮದರಾಸು. ಬ್ರಿಟಿಷರ ನೇರ ಆಡಳಿತದ ಹೊರಗೆ ದೇಶದಲ್ಲಿ ಸ್ಥಾಪನೆಯಾದ ಮೊದಲ ವಿಶ್ವವಿದ್ಯಾನಿಲಯ ಇದು. ನಾಲ್ವಡಿ ಕೃಷ್ಣರಾಜ ಒಡೆಯರು ಕುಲಪತಿ, ಎಚ್.ವಿ. ನಂಜುಂಡಯ್ಯ ಉಪಕುಲಪತಿ.

ಪದವಿ ನಮ್ಮದಾಯಿತು, ಪಾಠದ ಮಾತು ನಮ್ಮದಾಗಲಿಲ್ಲ. ಕನ್ನಡ ಉಸಿರಾಡಿದ್ದು ಹೆಚ್ಚಾಗಿ ತರಗತಿಯ ಹೊರಗೆ. ಸೆಂಟ್ರಲ್ ಕಾಲೇಜಿನಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳು ಕರ್ಣಾಟಕ ಸಂಘ ಕಟ್ಟಿ, 1919ರಲ್ಲಿ 'ಪ್ರಬುದ್ಧ ಕರ್ಣಾಟಕ' ಪತ್ರಿಕೆ ಹೊರಡಿಸಿದರು. ಕನ್ನಡದಲ್ಲಿ ಎಂ.ಎ. ಓದಬೇಕೆಂದರೆ ಮಾತ್ರ 1927ರವರೆಗೆ ಕಾಯಬೇಕಾಯಿತು.

ವಿದ್ಯಾರ್ಥಿಗಳ ಬದುಕೂ ಸುಲಭದ್ದಲ್ಲ. ಬಡ ಬ್ರಾಹ್ಮಣ ಹುಡುಗರಿಗೆ ವಾರಾನ್ನವಿತ್ತು: ಸೋಮವಾರ ಒಂದು ಮನೆಯಲ್ಲಿ ಊಟ, ಮಂಗಳವಾರ ಇನ್ನೊಂದರಲ್ಲಿ. ಆ ಬಾಗಿಲುಗಳು ಎಲ್ಲರಿಗೂ ತೆರೆದಿರಲಿಲ್ಲವೆಂಬುದನ್ನು ಮರೆತು ನಾವು ವಾರಾನ್ನವನ್ನು ಹೊಗಳುತ್ತೇವೆ. ಉಳಿದವರಿಗೆ ಆಸರೆಯಾದುದು ಆಯಾ ಸಮುದಾಯಗಳ ವಿದ್ಯಾರ್ಥಿನಿಲಯಗಳು. ಆದರೂ ಗುರುಶಿಷ್ಯರ ನಂಟು ಗಟ್ಟಿಯಾಗಿತ್ತು. 1921ರಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕ ರಾಧಾಕೃಷ್ಣನ್ ಕಲ್ಕತ್ತೆಗೆ ಹೊರಟಾಗ, ಹೂವಿನಿಂದ ಅಲಂಕರಿಸಿದ ಅವರ ಗಾಡಿಯನ್ನು ವಿದ್ಯಾರ್ಥಿಗಳೇ ರೈಲು ನಿಲ್ದಾಣದವರೆಗೆ ಎಳೆದರು.

ಇಲ್ಲಿ ಕಲಿತವರ ಪಟ್ಟಿ ಉದ್ದ. ಪ್ರವೇಶ ಪರೀಕ್ಷೆಯಲ್ಲಿ ನಪಾಸಾಗಿ, ಒಂದು ವರ್ಷ ಮನೆಯಲ್ಲಿ ಕುಳಿತು ಓದಿದ ಆರ್.ಕೆ. ನಾರಾಯಣ್ 1930ರಲ್ಲಿ ಮಹಾರಾಜಾ ಕಾಲೇಜಿನಿಂದ ಬಿ.ಎ. ಪಡೆದರು. ಮೈಸೂರು ಸೀಮೆಯ ರಾಂಪುರವನ್ನು ಸಮಾಜಶಾಸ್ತ್ರದ ಭೂಪಟದಲ್ಲಿ ನಿಲ್ಲಿಸಿದ ಎಂ.ಎನ್. ಶ್ರೀನಿವಾಸ್ ಕೂಡ ಇಲ್ಲಿಯವರೇ. ಇಬ್ಬರೂ ಬರೆದದ್ದು ಇಂಗ್ಲಿಷಿನಲ್ಲಿ, ಅದನ್ನು ಆಕ್ಷೇಪಿಸಬೇಕಿಲ್ಲ.

ಕುಪ್ಪಳಿಯಿಂದ ಬಂದ ಪುಟ್ಟಪ್ಪನವರೂ ಮೊದಲು ಇಂಗ್ಲಿಷಿನಲ್ಲೇ ಕವಿತೆ ಬರೆದವರು. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವುಗಳನ್ನು ನೋಡಿ, ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂದು ಸಲಹೆ ಕೊಟ್ಟರು. ಹೊರಗಿನವನೊಬ್ಬ ಹೇಳಬೇಕಾಯಿತು! ಮುಂದೆ ಟಿ.ಎಸ್. ವೆಂಕಣ್ಣಯ್ಯನವರ ಒತ್ತಾಸೆಯಿಂದ ಅವರು ಕನ್ನಡ ಎಂ.ಎ.ಗೆ ಸೇರಿದರು. 1929ರಲ್ಲಿ ಓದು ಮುಗಿಸಿದವರೇ ಮಹಾರಾಜಾ ಕಾಲೇಜಿನ ಅಧ್ಯಾಪಕರಾದರು.

1956ರಲ್ಲಿ ಅವರು ಉಪಕುಲಪತಿಯಾದರು. ಈ ವಿಶ್ವವಿದ್ಯಾನಿಲಯದಲ್ಲೇ ಪದವಿ ಪಡೆದು ಆ ಕುರ್ಚಿ ಏರಿದವರಲ್ಲಿ ಅವರೇ ಮೊದಲಿಗರು. ಕಾಲೇಜಿನಲ್ಲೂ ಕನ್ನಡದಲ್ಲಿ ಓದುವ ಅವಕಾಶ ಬೇಕೆಂದು ಹಟ ಹಿಡಿದರು. ಪುಸ್ತಕವೆಲ್ಲಿದೆ, ಪರಿಭಾಷೆಯೆಲ್ಲಿದೆ ಎಂಬುದು ಕನ್ನಡ ಮಾಧ್ಯಮಕ್ಕೆ ಸದಾ ಎದುರಾಗುವ ಪ್ರಶ್ನೆ. ಅದಕ್ಕೆ ಅವರು ಕಂಡ ದಾರಿ ಅಧ್ಯಾಪಕರಿಂದಲೇ ಪುಸ್ತಕ ಬರೆಸುವುದು. ಸ್ನಾತಕೋತ್ತರ ವಿಭಾಗಗಳಿಗಾಗಿ ಹೊಸ ಆವರಣ ರೂಪಿಸಿ, ಮಾನಸಗಂಗೋತ್ರಿ ಎಂದು ಹೆಸರಿಟ್ಟರು. 1960ರಲ್ಲಿ ನಿವೃತ್ತರಾದರು.

ಕವಿ ಕೊಟ್ಟ ಹೆಸರು ಊರಿನ ಬಾಯಲ್ಲಿ ನಿಂತಿತು. ಗಂಗೋತ್ರಿಯ ವಿಜ್ಞಾನ ವಿಭಾಗಗಳಲ್ಲಿ ಪಾಠ ಇಂದಿಗೂ ಇಂಗ್ಲಿಷಿನಲ್ಲೇ ನಡೆಯುತ್ತದೆ.