ಒಂದು ವಾದ್ಯ, ಇಬ್ಬರು ಬಂಧುಗಳು

ನಮ್ಮ ಬೀಳಗಿಯವರಿಗೆ ಊದುವ ವಾದ್ಯದ ಮೇಲೆ ಮೊದಲಿನಿಂದಲೂ ಒಂದು ಅಭಿಮಾನ. ಸನಾದಿ ಅಪ್ಪಣ್ಣ ನಮ್ಮ ಊರಿನವರೆಂದು ಹಿರಿಯರು ಎದೆಯುಬ್ಬಿಸಿ ಹೇಳುತ್ತಿದ್ದರು. ಕೃಷ್ಣಮೂರ್ತಿ ಪುರಾಣಿಕರ ಕತೆಯನ್ನು ಆಧರಿಸಿ 1977ರಲ್ಲಿ ಬಂದ ಡಾ. ರಾಜಕುಮಾರರ ಚಿತ್ರವನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ತೆರೆಯ ಮೇಲೆ ರಾಜಕುಮಾರರು ಹಿಡಿದ ವಾದ್ಯದಿಂದ ಹೊಮ್ಮಿದ್ದು ಉಸ್ತಾದ್ ಬಿಸ್ಮಿಲ್ಲಾ ಖಾನರ ಉಸಿರು. ಆದರೆ ಇಂದು ನಾನು ಬರೆಯಹೊರಟಿರುವುದು ಬೇರೊಂದು ವಾದ್ಯದ ಕುರಿತು; ವಿದೇಶದಲ್ಲಿರುವ ನನ್ನ ವಿದ್ಯಾರ್ಥಿಗಳು, ಅದರಲ್ಲೂ ಅಲ್ಲಿಯೇ ಹುಟ್ಟಿದ ಅವರ ಮಕ್ಕಳು, ಇದನ್ನು ಓದಬೇಕೆಂಬುದು ನನ್ನ ಆಸೆ.

ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ ಎಂಬಾತ 1846ರಲ್ಲಿ ಸ್ಯಾಕ್ಸೋಫೋನಿಗೆ ಪೇಟೆಂಟ್ ಪಡೆದ. ಮೈ ಹಿತ್ತಾಳೆಯದಾದರೂ ಬಾಯಲ್ಲಿ ಜೊಂಡಿನ ಪಟ್ಟಿಯಿರುವುದರಿಂದ ಅದನ್ನು ಮರದ ವಾದ್ಯಗಳ ಸಾಲಿಗೇ ಸೇರಿಸುತ್ತಾರೆ. ಸೈನ್ಯದ ಬ್ಯಾಂಡುಗಳಿಂದ ಅದು ಅಮೆರಿಕದ ಕಪ್ಪು ಜನರ ಕೈಗೆ ಬಂದು ಜಾಝ್, ಸೋಲ್, ಫಂಕ್ ಎಂಬ ಪ್ರಕಾರಗಳಿಗೆ ಕಂಠವಾಯಿತು. ನಮ್ಮ ನಾಡಿನಲ್ಲಿ ಅದು ಮೈಸೂರು ಅರಮನೆಯ ಬ್ಯಾಂಡಿನಲ್ಲಿತ್ತು. ದಕ್ಷಿಣ ಕನ್ನಡದ ನಾಗಸ್ವರ ವಿದ್ವಾಂಸ ತನಿಯಪ್ಪನವರ ಮಗ ಗೋಪಾಲನಾಥ (ಜನನ 1949) ಅಲ್ಲಿ ಅದನ್ನು ಕೇಳಿ ಮನಸೋತ. ಮಂಗಳೂರಿನಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ ಶಿಷ್ಯವೃತ್ತಿ ಮಾಡಿ ಕದ್ರಿ ಗೋಪಾಲನಾಥರಾದ.

ಇದು ಹೇಳುವಷ್ಟು ಸುಲಭದ ಮಾತಲ್ಲ. ಸನಾದಿಯಲ್ಲಿಯೂ ನಾಗಸ್ವರದಲ್ಲಿಯೂ ಬೆರಳು ನೇರವಾಗಿ ರಂಧ್ರದ ಮೇಲಿರುತ್ತದೆ. ಅದನ್ನು ಅರ್ಧ ಮುಚ್ಚಿ, ಮೆಲ್ಲನೆ ಸರಿಸಿ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಬಹುದು. ಸ್ಯಾಕ್ಸೋಫೋನಿನಲ್ಲಿ ಬೆರಳಿಗೂ ರಂಧ್ರಕ್ಕೂ ನಡುವೆ ಕೀಲಿಯಿದೆ. ಅದು ಮುಚ್ಚುತ್ತದೆ, ಇಲ್ಲವೇ ತೆರೆಯುತ್ತದೆ. ಗಮಕವೇ ಪ್ರಾಣವಾದ ಸಂಗೀತಕ್ಕೆ ಇಂಥ ವಾದ್ಯ ಒಗ್ಗೀತೇ? ತುಟಿಯ ಬಿಗಿ, ಗಂಟಲು, ಉಸಿರು ಇವುಗಳಿಂದಲೇ ಗಮಕವನ್ನು ಹುಟ್ಟಿಸಬೇಕು. ಗೋಪಾಲನಾಥರು ವರ್ಷಗಟ್ಟಲೆ ದುಡಿದು ಅದನ್ನು ಸಾಧಿಸಿದರು. 1980ರಲ್ಲಿ ಮುಂಬಯಿಯ ಜಾಝ್ ಯಾತ್ರಾ ಉತ್ಸವದಲ್ಲಿ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿಯವರೊಡನೆ ನುಡಿಸಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ನುಡಿಸಿದರು. 2004ರಲ್ಲಿ ಪದ್ಮಶ್ರೀ ಬಂತು.

ಇನ್ನು ಎರಡನೆಯವರು. ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಕೆ.ಟಿ. ಮಹಾಂತಪ್ಪನವರು ಕರ್ನಾಟಕ ಮೂಲದವರು. ಅವರ ಮಗ ರುದ್ರೇಶ 1971ರಲ್ಲಿ ಇಟಲಿಯ ಟ್ರಿಯೆಸ್ಟ್‌ನಲ್ಲಿ ಹುಟ್ಟಿ, ಅಮೆರಿಕದ ಬೌಲ್ಡರ್ ಪಟ್ಟಣದಲ್ಲಿ ಬೆಳೆದ. ಹುಡುಗ ಕೇಳಿ ಬೆಳೆದದ್ದು ಗ್ರೋವರ್ ವಾಷಿಂಗ್ಟನ್, ಡೇವಿಡ್ ಸ್ಯಾನ್‌ಬಾರ್ನ್, ಬ್ರೆಕರ್ ಸಹೋದರರು — ಹೀಗೆ ಕಹಳೆ-ಸ್ಯಾಕ್ಸೋಫೋನುಗಳೇ ಮುಂದಾಳಾದ ಫಂಕ್ ಮತ್ತು ಸೋಲ್. ಆಮೇಲೆ ಚಾರ್ಲಿ ಪಾರ್ಕರನ ಜಾಝ್. ಶಾಸ್ತ್ರೀಯ ಸಂಗೀತದ ಪಾಠ ಮನೆಯಲ್ಲಿ ಆಗಿರಲಿಲ್ಲ. ಆದರೆ ಮುಖ ನೋಡಿದವರೆಲ್ಲ, ಈತನಿಗೆ ಭಾರತೀಯ ಸಂಗೀತ ಗೊತ್ತಿರಲೇಬೇಕೆಂದು ಎಣಿಸುತ್ತಿದ್ದರು. ಮೈಬಣ್ಣಕ್ಕೂ ರಾಗಜ್ಞಾನಕ್ಕೂ ಏನು ಸಂಬಂಧ? ಈ ಪ್ರಶ್ನೆಯನ್ನು ನಿಮ್ಮ ಮಕ್ಕಳೂ ಒಂದಲ್ಲ ಒಂದು ರೂಪದಲ್ಲಿ ಎದುರಿಸಿಯೇ ಇರುತ್ತಾರೆ.

ಬಾಸ್ಟನ್ನಿನ ಬರ್ಕ್ಲಿ ಕಾಲೇಜಿನಲ್ಲಿ ಓದುತ್ತಿದ್ದಾಗ ಅಣ್ಣ ಆತನಿಗೊಂದು ಧ್ವನಿಮುದ್ರಿಕೆಯನ್ನು ಕಾಣಿಕೆಯಾಗಿ ಕೊಟ್ಟ. ಹೆಸರು ‘ಸ್ಯಾಕ್ಸೋಫೋನ್ ಇಂಡಿಯನ್ ಸ್ಟೈಲ್’. ಕೊಟ್ಟದ್ದು ತಮಾಷೆಗಾಗಿ! ನುಡಿಸಿದವರು ಕದ್ರಿ ಗೋಪಾಲನಾಥರು. ತಮಾಷೆಯ ಕಾಣಿಕೆಯೇ ತಮ್ಮನನ್ನು ಬೆರಗುಗೊಳಿಸಿತು. ತನ್ನದೇ ವಾದ್ಯ, ತಾನು ಕಂಡರಿಯದ ದಾರಿ.

ಮುಂದೆ, ನ್ಯೂಯಾರ್ಕಿನ ಏಷ್ಯಾ ಸೊಸೈಟಿಯ ಬೆಂಬಲದಿಂದ, ಇಬ್ಬರೂ ಒಂದುಗೂಡಿದರು. ತಂಡದ ಹೆಸರು ದಕ್ಷಿಣ ಆನ್ಸಾಂಬಲ್. ಅದರ ಮೊದಲ ಆಲ್ಬಂ ‘ಕಿನ್ಸ್‌ಮೆನ್’ 2008ರಲ್ಲಿ ಪೈ ರೆಕಾರ್ಡಿಂಗ್ಸ್ ಸಂಸ್ಥೆಯಿಂದ ಹೊರಬಂತು. ಹೆಸರನ್ನು ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ‘ಬಳಗದವರು’. ಎರಡು ಆಲ್ಟೋ ಸ್ಯಾಕ್ಸೋಫೋನುಗಳು ಮುಂದೆ. ಜೊತೆಗೆ ಎ. ಕನ್ಯಾಕುಮಾರಿಯವರ ಪಿಟೀಲು, ಪೂವಲೂರು ಶ್ರೀಜಿಯವರ ಮೃದಂಗ, ರೆಝ್ ಅಬ್ಬಾಸಿಯವರ ಗಿಟಾರ್, ಕಾರ್ಲೊ ಡಿ ರೋಸಾ ಅವರ ಬಾಸ್, ರಾಯಲ್ ಹಾರ್ಟಿಗನ್ ಅವರ ಡ್ರಮ್ಸ್.

ತೊಡಕು ಇದ್ದದ್ದು ತಳಹದಿಯಲ್ಲಿ. ನಮ್ಮ ಸಂಗೀತದಲ್ಲಿ ಆಧಾರ ಶ್ರುತಿ ಅಚಲ. ಅದರ ಮೇಲೆ ರಾಗ ಬೆಳೆಯುತ್ತದೆ. ಜಾಝ್‌ನಲ್ಲಿ ಕೆಳಗಿನ ನೆಲವೇ ಸರಿಯುತ್ತಿರುತ್ತದೆ, ಸ್ವರಗುಚ್ಛಗಳು ಬದಲಾಗುತ್ತಲೇ ಹೋಗುತ್ತವೆ. ಇಬ್ಬರಲ್ಲೊಬ್ಬರು ತಮ್ಮ ಪದ್ಧತಿಯನ್ನು ಬಿಟ್ಟುಕೊಟ್ಟರೆ ಮೇಳ ಸುಲಭವಾಗುತ್ತದೆ, ಆದರೆ ಅದು ಮೇಳವಾಗುವುದಿಲ್ಲ. ‘ಫ್ಯೂಷನ್’ ಹೆಸರಿನಲ್ಲಿ ನಡೆಯುವ ಬಹಳಷ್ಟು ಕಲಸುಮೇಲೋಗರ ಇಂಥದೇ ಎಂಬುದು ನನ್ನ ಅಭಿಪ್ರಾಯ. ಇಲ್ಲಿ ಹಾಗಾಗಲಿಲ್ಲ. ಗೋಪಾಲನಾಥರು ರಾಗದಲ್ಲಿಯೇ ನಿಲ್ಲುತ್ತಾರೆ. ರುದ್ರೇಶರು ತಮ್ಮ ಒರಟು, ಚುರುಕು ಧ್ವನಿಯನ್ನು ಮೃದುಗೊಳಿಸುವುದಿಲ್ಲ. ಕಣ್ಣು ಮುಚ್ಚಿ ಕೇಳಿದರೂ ಯಾರು ಯಾರೆಂದು ತಿಳಿಯುತ್ತದೆ. ರಚನೆಗಳ ನಡುವೆ ಪುಟ್ಟ ಆಲಾಪಗಳಿವೆ. ನನ್ನಂಥ ಹಳೆಯ ಕಿವಿಗೆ ಅವು ದಣಿವಾರಿಸಿಕೊಳ್ಳುವ ಕಟ್ಟೆಗಳು. ‘ಗಣೇಶ’, ‘ಕಲ್ಯಾಣಿ’ ಎಂಬ ಹೆಸರಿನ ರಚನೆಗಳಿಂದ ಆರಂಭಿಸಿರೆಂದು ಸೂಚಿಸುತ್ತೇನೆ. ಮೊದಲ ಸಲ ಗದ್ದಲವೆನಿಸಬಹುದು. ಮೂರನೆಯ ಸಲಕ್ಕೆ ಕಿವಿ ಪಳಗುತ್ತದೆ.

ಗೋಪಾಲನಾಥರು 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ತೀರಿಕೊಂಡರು. ರುದ್ರೇಶರು 2016ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜಾಝ್ ವಿಭಾಗದ ಹೊಣೆ ಹೊತ್ತರು. ನ್ಯೂಜೆರ್ಸಿಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಅದು ದೂರವೇನಲ್ಲ; ಅಲ್ಲಿ ಕಛೇರಿ ನಡೆದಾಗ ಮಕ್ಕಳನ್ನು ಕರೆದುಕೊಂಡು ಹೋಗಿ, ಕೇಳಿದ್ದು ಹೇಗಿತ್ತೆಂದು ನನಗೆ ಬರೆಯಿರಿ.